ಹೆರಿಗೆ ನಾಲ್ಕು, ಮಕ್ಕಳು ಮೂರು

ನಾನು ಹೆತ್ತದ್ದು ನಾಲ್ಕು. ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಮೂರು ಅನ್ನುತ್ತಿದ್ದೆ. ಅದು ಸುಳ್ಳು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಮ್ಮಂಥವರೆಲ್ಲ ಹಾಗೇ ಹೇಳುವುದು.

ನಮ್ಮಂಥವರು ಅಂದರೆ ಸೀರುಡಿಕೆ ಆದವರು. ಗಂಡ ಸತ್ತ ಹೆಂಗಸಿಗೆ ಇನ್ನೊಬ್ಬ ಗಂಡಸು ಹೊಸ ಸೀರೆ ಕೊಟ್ಟು, ತಾಳಿ ಕಟ್ಟಿ ಮನೆಗೆ ಕರೆದುಕೊಂಡು ಹೋಗುವುದು. ಚಪ್ಪರವಿಲ್ಲ, ವಾಲಗವಿಲ್ಲ. ಮುತ್ತೈದೆಯರು ಆ ಹೊತ್ತಿಗೆ ಎದುರಿಗೆ ಬರುವುದಿಲ್ಲ. ಆಮೇಲೆ ಬಾಳುವೆಯೆಲ್ಲ ಎಲ್ಲರ ಹಾಗೇ. ಗೇಯಬಹುದು, ಹೆರಬಹುದು, ಮನೆ ನಡೆಸಬಹುದು. ಮದುವೆ ಮನೆಯಲ್ಲಿ ಹೆಣ್ಣುಗಂಡಿನ ಮೇಲೆ ಅಕ್ಕಿ ಹಾಕಿ ಸೇಸೆ ಇಕ್ಕುವುದಕ್ಕೆ ಮಾತ್ರ ಕರೆಯುವುದಿಲ್ಲ. ಅಷ್ಟೇ ವ್ಯತ್ಯಾಸ.

ನನ್ನ ಮೊದಲ ಮದುವೆ ನಾಗಮಂಗಲ ತಾಲ್ಲೂಕಿನ ಊರಿಗೆ. ರಾಗಿ, ಹುರುಳಿ, ಅವರೆ ಬಿಟ್ಟರೆ ಬೇರೆ ಕಾಣದ ಊರು. ಹೆಣ್ಣುಮಗು ಹುಟ್ಟಿ ಎರಡು ವರ್ಷಕ್ಕೆ ಗಂಡ ಜ್ವರ ಬಂದು ಸತ್ತ. ವರ್ಷ ಕಳೆದ ಮೇಲೆ ನಮ್ಮಪ್ಪ ಬಂದು ನನ್ನನ್ನು ಕರೆದ. ಗಂಡನ ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. "ಮಗು ನಮ್ಮನೇದು. ನೀನು ಓಗದಾದ್ರೆ ಓಗು" ಅಂದರು. ಹೋದೆ. ಮಗು ಆಗ ಹಿತ್ತಲಲ್ಲಿ ಕೋಳಿ ಮರಿ ಹಿಡಿಯಲು ಓಡಾಡುತ್ತಿತ್ತು. ನಾನು ಹೊರಟದ್ದನ್ನು ಅದು ನೋಡಲಿಲ್ಲ. ಆಮೇಲೆ ನನಗೆ ಪಾಂಡವಪುರ ತಾಲ್ಲೂಕಿನ ನಾಲೆ ಬಯಲಿನ ಊರಿಗೆ ಸೀರುಡಿಕೆ ಆಯಿತು. ಅಲ್ಲಿ ಮೂರು ಗಂಡುಮಕ್ಕಳು. ಹೊಲ, ಗದ್ದೆ, ಎಮ್ಮೆ. ಮೂವತ್ತೈದು ವರ್ಷ ಹಾಗೇ ಹೋಯಿತು.

ತೊಂಬತ್ತನೇ ಇಸವಿ ದಾಟಿದ ಮೇಲೆ ನಮ್ಮ ಊರಿನ ಸ್ಕೂಲು ಜಗಲಿಯಲ್ಲಿ ಸಾಕ್ಷರತೆ ಕ್ಲಾಸು ಶುರುವಾಗಿತ್ತು. ಎಮ್ಮೆ ಹಾಲು ಕರೆದು ಡೈರಿಗೆ ಹಾಕಿ ನಾವು ಏಳೆಂಟು ಹೆಂಗಸರು ಹೋಗಿ ಕೂರುತ್ತಿದ್ದೆವು. ಅಕ್ಷರ ಬಂದವು. ಒತ್ತಕ್ಷರದಲ್ಲಿ ಕೈ ತಡೆಯುತ್ತಿತ್ತು, ಈಗಲೂ ತಡೆಯುತ್ತದೆ. ಅಲ್ಲಿಗೆ ಒಂದು ದಿನ ಮೈಸೂರಿನ ಕಾಲೇಜಿನಲ್ಲಿ ಹಿಸ್ಟರಿ ಪಾಠ ಮಾಡುವ ಮೇಡಂ ಬಂದರು. ಚರ್ಮದ ಚೀಲದ ತುಂಬ ದಪ್ಪ ಕಾರ್ಡುಗಳು.

"ಈ ಊರಲ್ಲಿ ಸೀರುಡಿಕೆ ಆದವರು ಯಾರಾದರೂ ಇದ್ದಾರಾ?" ಅಂತ ಕೇಳಿದರು.

ಎಲ್ಲರೂ ಸ್ಲೇಟು ನೋಡಿಕೊಂಡು ಕೂತರು. ಅವರಲ್ಲಿ ಇನ್ನೂ ಇಬ್ಬರು ಸೀರುಡಿಕೆಯವರೇ.

"ನಾನಿವ್ನಿ. ಅದ್ರಲ್ಲೇನು?" ಅಂದೆ.

ಪಕ್ಕದಲ್ಲಿದ್ದವಳು ತೊಡೆ ಚಿವುಟಿದಳು. "ಯಾಕಮ್ಮಿ ಚಿವುಟ್ತೀಯ? ನಿಂದೂ ಯೇಳ್ತೀನಿ ಇರು" ಅಂದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಹಾಗೆ ಮೊದಲ ಕಾರ್ಡು ನನ್ನದಾಯಿತು.

ಮಾರನೆ ವಾರದಿಂದ ಮೇಡಂ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವರೊಬ್ಬರೇ ಹೋದರೆ ಹೆಂಗಸರು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು. ನಾನು ಹೋದರೆ ಮೊದಲು ನನ್ನ ಕಥೆ ಕೇಳಿ ಆಮೇಲೆ ಅವರದು ಹೇಳುತ್ತಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನಮ್ಮದು. ನಾಗಮಂಗಲದ ಊರುಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಮೇಡಂ ಬರೆದಿಟ್ಟಿದ್ದ ಪಟ್ಟಿಯಲ್ಲಿ ನಾನು ಮಗು ಬಿಟ್ಟ ಊರು ಇಲ್ಲ ಅನ್ನುವುದನ್ನು ಮೊದಲ ದಿನವೇ ಕಾಗುಣಿತ ಕೂಡಿಸಿ ಓದಿ ನೋಡಿದ್ದೆ.

ಇದೇನು ಕೆಲಸ ಅಂತ ಬಸ್ಸಿನಲ್ಲಿ ಕೇಳಿದೆ.

"ಇದಕ್ಕೆ ಸಾಮೂಹಿಕ ಜೀವನಚರಿತ್ರೆ ಅಂತಾರೆ ಅಮ್ಮ. ರಾಜರ ಕಥೆ ಒಬ್ಬೊಬ್ಬರದೇ ಬರೆಯಬಹುದು, ಕಾಗದ ಇರುತ್ತೆ. ನಿಮ್ಮಂಥವರ ಬಗ್ಗೆ ಒಂದು ಚೀಟಿಯೂ ಇಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು. ಎಲ್ಲವನ್ನೂ ಜೋಡಿಸಿದರೆ, ಒಬ್ಬೊಬ್ಬರೂ ಹೇಳದೆ ಬಿಟ್ಟದ್ದು ಕಾಣುತ್ತೆ."

"ಒಂದು ತೆನೆ ನೋಡುದ್ರೆ ವಲ ಗೊತ್ತಾಗಾಕಿಲ್ಲ ಅಂತೀರ."

"ಹಾಗೇ ಅನ್ನಿ."

ಅಷ್ಟುದ್ದದ ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ. ನಾನು ಕಾರ್ಡು ಕೆಲಸ ಅನ್ನುತ್ತಿದ್ದೆ. ಕಾರ್ಡಿನ ಪ್ರಶ್ನೆಗಳೆಲ್ಲ ಮೇಡಂ ಅವರದೇ ಅಲ್ಲ. ಹುಟ್ಟಿದ ಊರು, ಗಂಡಂದಿರು, ಮಕ್ಕಳು ಇವು ಹಿಸ್ಟರಿಯವು. ಜಮೀನು ಯಾರ ಹೆಸರಿನಲ್ಲಿದೆ, ಮೊದಲ ಮನೆಯಿಂದ ಏನು ಬಂತು ಇವು ಲಾ ಕಾಲೇಜಿನ ಒಬ್ಬರು ವಕೀಲರು ಸೇರಿಸಿದ್ದು. ಕೊನೆಯಲ್ಲಿ ಹೆರಿಗೆ ಎಷ್ಟು, ಸತ್ತವು ಎಷ್ಟು, ಮುಟ್ಟು ನಿಂತದ್ದು ಯಾವಾಗ ಅನ್ನುವುದೆಲ್ಲ ಒಬ್ಬರು ಡಾಕ್ಟರಮ್ಮನದು. ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಬೇಡ. ಕಾರ್ಡು ಮಾತ್ರ ಒಂದೇ. ಹೆಸರು, ಅಂಕಿ, ಹೌದು, ಇಲ್ಲ ಇಷ್ಟನ್ನು ನಾನು ಬರೆಯುತ್ತಿದ್ದೆ. ಉಳಿದದ್ದು ಮೇಡಂ.

ಕೆ.ಆರ್. ಪೇಟೆ ಕಡೆ ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿ ದಾಟಿ ಒಂದು ಊರಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ಕಬ್ಬಿನ ಗಾಡಿ. ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು ಬೆರಣಿ ತಟ್ಟುತ್ತಿದ್ದಳು. ಕೈ ತೊಳೆಯಲೇ ಇಲ್ಲ, ತಟ್ಟುತ್ತಲೇ ಉತ್ತರ ಕೊಟ್ಟಳು.

"ಗಂಡನ ಹೆಸರು?" ಅಂದರು ಮೇಡಂ.

"ಯಾವನ್ದು?"

"ಇಬ್ಬರದೂ."

"ಇರೋನ ಎಸ್ರು ಯೇಳಬಾರ್ದು. ಓದೋನ ಎಸ್ರು ಯೇಳುದ್ರೆ ಇರೋನಿಗೆ ಉರೀತದೆ. ನೀನೇ ಏನಾರ ಬರ್ಕೊ ಮಗಾ."

ಜಗಲಿಯ ಮೇಲೆ ಕೂತಿದ್ದ ಮುದುಕ ಕೆಮ್ಮಿದ. "ಉರಿಯಾಕೆ ನನ್ನಲ್ಲಿ ಏನೈತೆ ಕಣಮ್ಮಿ? ಯೇಳು, ಯೇಳು. ಅವ್ನು ನನ್ಗಿಂತ ಒಳ್ಳೆಯೋನಾಗಿದ್ದ ಅಂತ್ಲೂ ಬರ್ಸು."

"ಬರುಸ್ತೀನಿ ಸುಮ್ಕಿರು. ನಿಂಗೇನು ಕೇಳ್ನಿಲ್ಲ ಅವ್ರು."

ಮಕ್ಕಳು ಎಷ್ಟು ಅಂದದ್ದಕ್ಕೆ ಐದು ಅಂದಳು. ಬರೆದೆ. ಜಮೀನಿನ ಪ್ರಶ್ನೆಗಳೆಲ್ಲ ಮುಗಿದು ಕಾರ್ಡಿನ ಹಿಂಬದಿಗೆ ಬರುವಾಗ ಅರ್ಧ ಗಂಟೆ ಆಗಿತ್ತು. ಹೆರಿಗೆ ಎಷ್ಟು ಅಂದದ್ದಕ್ಕೆ ಆರು ಅಂದಳು. ಅದನ್ನೂ ಬರೆದೆ. ಸತ್ತವು ಅಂದದ್ದಕ್ಕೆ ಸಗಣಿ ಕೈ ಎತ್ತಿದಳು. "ನನ್ ಮಕ್ಳು ಯಾಕ್ ಸಾಯ್ತಾವೆ? ಬುಡ್ತು ಅನ್ನವ್ವ!" ನಾನು ಸೊನ್ನೆ ಹಾಕಿದೆ.

ಐದು, ಆರು, ಸೊನ್ನೆ. ಮೇಡಂ ಗಮನಿಸಲಿಲ್ಲ. ನಾನು ಗಮನಿಸಿದೆ. ಕಾರ್ಡನ್ನು ಕಟ್ಟಿಗೆ ಸೇರಿಸಿದೆ. ನನ್ನ ಕಾರ್ಡಿನಲ್ಲೂ ಮೂರು, ನಾಲ್ಕು, ಸೊನ್ನೆ ಇತ್ತು.

ಶ್ರೀರಂಗಪಟ್ಟಣದಲ್ಲಿ ಮೇಡಂ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದರು. ಕಿಟಕಿಯಿಂದ ಕರಿಘಟ್ಟ ಕಾಣುತ್ತಿತ್ತು. ತಿಂಗಳಿಗೊಮ್ಮೆ ಭಾನುವಾರ ಡಾಕ್ಟರಮ್ಮ, ವಕೀಲರು ಅಲ್ಲಿಗೆ ಬರುತ್ತಿದ್ದರು. ಮೂರು ತಾಲ್ಲೂಕು ಮುಗಿದ ಮೇಲೆ ಎಲ್ಲ ಕಾರ್ಡನ್ನೂ ಚಾಪೆಯ ಮೇಲೆ ಹರಡಿಕೊಂಡು ಕೂತರು. ನಾನು ಮೂಲೆಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆ.

ಡಾಕ್ಟರಮ್ಮ ಪೆನ್ಸಿಲು ಹಿಡಿದು ಒಂದೊಂದೇ ಕಾರ್ಡು ತಿರುವಿ ಹಾಕುತ್ತ ಹೋದರು. ಆಮೇಲೆ ಮೇಡಂ ಕಡೆ ತಿರುಗಿ, "ಬರೆಯುವ ಕೆಲಸ ಈ ಅಮ್ಮನಿಗೆ ಕೊಡಬೇಡಿ ಅಂದಿದ್ದೆ. ಅಂಕಿ ತಪ್ಪಿದೆ ನೋಡಿ. ಹೆರಿಗೆ ಆರು, ಮಕ್ಕಳು ಐದು, ಸತ್ತದ್ದು ಸೊನ್ನೆ. ಇದರಲ್ಲೂ ಹಾಗೇ. ಇದರಲ್ಲೂ. ಆರನೇದು ಎಲ್ಲಿ ಹೋಯಿತು?" ಅಂದರು.

"ನೀವು ಸರಿಯಾಗಿ ಕೇಳಿ ಬರೆದಿರಾ ಅಮ್ಮ?" ಅಂದರು ಮೇಡಂ.

"ಅವ್ರು ಅಂದುದ್ದ ಬರ್ದಿವ್ನಿ."

ವಕೀಲರು ಕನ್ನಡಕ ಒರೆಸಿಕೊಂಡರು. "ಇಷ್ಟೊಂದು ಕಾರ್ಡಿನಲ್ಲಿ ಒಂದೇ ತಪ್ಪು ಬರಲ್ಲ. ಮುಚ್ಚಿಡುತ್ತಿದ್ದಾರೆ. ಹೆಣ್ಣು ಕೂಸು ಹುಟ್ಟಿರುತ್ತೆ. ಏನೋ ಮಾಡಿರುತ್ತಾರೆ."

ನಾನು ಎಲೆ ಮಡಿಸಿದೆ. ಅಲ್ಲಿಯವರೆಗೆ ಹೇಳಬೇಕು ಅಂತ ಇರಲಿಲ್ಲ.

"ಯಾರೂ ಕೊಂದಿಲ್ಲ ಕಣಪ್ಪ. ಬುಟ್ ಬಂದವ್ರೆ."

"ಬಿಟ್ಟು ಅಂದರೆ?"

"ಮೊದ್ಲ ಮನೇಲಿ. ಗಂಡ ಸತ್ತು ಸೀರುಡಿಕೆ ಆಗಿ ಬರೋವಾಗ ಮಗಿನ ಕಳ್ಸಾಕಿಲ್ಲ. ಅದು ಆ ಮನೆ ಲೆಕ್ಕಕ್ಕೆ ಓಯ್ತು. ಈ ಮನೇಲಿ ಕೂತ್ಕಂಡು ಮಕ್ಳು ಏಟು ಅಂದ್ರೆ ಈ ಮನೇವ್ನೇ ಯೇಳಾದು. ಎರಿಗೆ ಏಟು ಅಂದ್ರೆ ಒಟ್ಟೆ ಲೆಕ್ಕ ಯೇಳಾದು. ನೀವು ಎರಡ್ನೂ ಕೇಳುದ್ರಿ. ಅವ್ರು ಎರಡುಕ್ಕೂ ಸರ್ಯಾಗೇ ಯೇಳವ್ರೆ."

ಡಾಕ್ಟರಮ್ಮ ಪೆನ್ಸಿಲು ಕೆಳಗಿಟ್ಟರು. ಮೇಡಂ ಮುಖ ಅರಳಿತು. "ನೋಡಿದಿರಾ? ನನ್ನ ಪ್ರಶ್ನೆ ಒಂದೇ ಇದ್ದಿದ್ದರೆ ಈ ಮಕ್ಕಳು ಇಲ್ಲವೇ ಇಲ್ಲ. ಡಾಕ್ಟರದ್ದು ಒಂದೇ ಇದ್ದಿದ್ದರೂ ಇಲ್ಲ" ಅಂದರು. ಮೂವರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಹೊಲದಲ್ಲಿ ಹೊನ್ನು ಸಿಕ್ಕವರ ಹಾಗಿದ್ದರು. ನನಗೆ ಏನೂ ಆಗಲಿಲ್ಲ. ಎಲೆ ಬಿಸಾಕಿ ಕೈ ತೊಳೆದು ಬಂದೆ.

ಬರುವಷ್ಟರಲ್ಲಿ ಮೇಡಂ ಎಲ್ಲಕ್ಕಿಂತ ಕೆಳಗಿದ್ದ ಕಾರ್ಡು ಕೈಯಲ್ಲಿ ಹಿಡಿದಿದ್ದರು. ಮೊದಲನೇದು.

"ಅಮ್ಮ, ನಿಮ್ಮದೂ?"

"ನಂದೂ ಅಂಗೇಯ."

"ಯಾವ ಊರು?"

ಹೇಳಿದೆ. ಮೂವತ್ತೈದು ವರ್ಷದಲ್ಲಿ ಆ ಊರಿನ ಹೆಸರನ್ನು ಬಾಯಿಂದ ಹೇಳಿದ್ದು ಅದೇ ಮೊದಲು. ಮಾಮೂಲಿ ಊರಿನ ಹೆಸರಿನ ಹಾಗೇ ಇತ್ತು.

ಅವತ್ತಿನಿಂದ ಕೆಲಸ ಬದಲಾಯಿತು. ಬಿಟ್ಟು ಬಂದ ಮಕ್ಕಳನ್ನು ಹುಡುಕಿ ಅವರದೂ ಕಾರ್ಡು ಮಾಡಬೇಕು. ತಾಯಿ ಒಪ್ಪಿದರೆ, ಮಗುವೂ ಒಪ್ಪಿದರೆ, ಎರಡು ಕಾರ್ಡಿಗೂ ತೂತು ಮಾಡಿ ದಾರ ಹಾಕಿ ಗಂಟು ಕಟ್ಟುವುದು. ಪುಸ್ತಕದಲ್ಲಿ ಹೆಸರು ಬರುವುದಿಲ್ಲ, ನಂಬರು ಮಾತ್ರ. ಕೆಲವರು ಸಿಕ್ಕರು. ಶ್ರೀರಂಗಪಟ್ಟಣದ ಹತ್ತಿರ ಒಬ್ಬ ಗಾಡಿ ಹೊಡೆಯುವವನು, ಮೀಸೆ ಬೆಳ್ಳಗಾಗಿದೆ, "ನಮ್ಮವ್ವ ವಾರುಕ್ಕೊಂದ್ಸಲ ಸಂತೇಲಿ ಸಿಗ್ತಾಳೆ. ಕಡ್ಲೆಪುರಿ ಕೊಡುಸ್ತಾಳೆ" ಅಂದ. ಅವನಿಗೂ ಅವನವ್ವನಿಗೂ ದಾರ ಕಟ್ಟಿದೆವು.

ನಾಗಮಂಗಲದ ಸರದಿ ಬಂದಾಗ ಮೇಡಂ ಕೇಳಿದರು. "ನಿಮ್ಮ ಮಗಳ ಊರಿಗೆ ನಾನೊಬ್ಬಳೇ ಹೋಗಿ ಬರಲಾ?"

"ನಾನೂ ಬತ್ತೀನಿ. ಯಾರು ಅಂತ ಯೇಳಬೇಡಿ."

ಮಗಳನ್ನು ನೋಡುವ ಆಸೆಯಿತ್ತು ಅಂತ ಬರೆದರೆ ಚೆನ್ನಾಗಿರುತ್ತದೆ. ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾರ್ಡಿನಲ್ಲಿ ತಾಯಿ ಅನ್ನುವ ಕಡೆ ಅವಳು ಏನು ಬರೆಸುತ್ತಾಳೆ ಅನ್ನುವುದು ತಿಳಿಯಬೇಕಿತ್ತು. ಆ ಜಾಗದಲ್ಲಿ ಬರೆಯುವವಳು ನಾನೇ.

ಅವರೆಕಾಯಿ ಕಾಲ. ಪಾಂಡವಪುರದಿಂದ ಬಸ್ಸು ಹೊರಟು ನಾಲೆ, ಗದ್ದೆ ಎಲ್ಲ ಹಿಂದಾದವು. ನಾಗಮಂಗಲದಲ್ಲಿ ಇಳಿದು ಚುಂಚನಗಿರಿ ಕಡೆಯ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಇಳಿದು ನಡೆದೆವು. ಮಗಳನ್ನು ಅದೇ ಊರಿನ ಸೋದರಿಕೆಯವರ ಮನೆಗೇ ಕೊಟ್ಟಿದ್ದರಂತೆ. ಊರ ಮುಂದಿನ ಕಟ್ಟೆ ಹಾಗೇ ಇತ್ತು. ನನ್ನನ್ನು ಯಾರೂ ಗುರುತು ಹಿಡಿಯಲಿಲ್ಲ.

ಅವಳು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಚಂಗನೆ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಗಟ್ಟಿಮುಟ್ಟಾದ ಹೆಂಗಸು. ಹಣೆ ಅವರಪ್ಪನದು. ನನ್ನದು ಅನ್ನುವುದು ಮುಖದಲ್ಲಿ ಏನೂ ಕಾಣಲಿಲ್ಲ. ಒಳಗಿಂದ ಅವಳ ಮಗಳು, ಮದುವೆ ವಯಸ್ಸಿನ ಹುಡುಗಿ, ಚಾಪೆ ತಂದು ಹಾಸಿದಳು.

ನಾನು ಕೂತವಳೇ ಅಭ್ಯಾಸಬಲದಿಂದ ಬೋಗುಣಿಗೆ ಕೈ ಹಾಕಿ ಕಾಳು ಹಿತುಕಲು ಶುರು ಮಾಡಿದೆ.

"ಅಯ್ಯೋ ಬುಡಿ, ಬರೆಯಾಕೆ ಬಂದೋರು ಕಾಳು ಇತುಕ್ತಾರಾ?" ಅಂದಳು.

"ಬರೆಯಾದು ಆಮ್ಯಾಕೆ. ಮೇಡಮ್ಮೋರ ಪ್ರಶ್ನೆ ನಿಮ್ಮ ಬೋಗುಣಿ ಮುಗಿಯೋಗಂಟ ಇರ್ತವೆ."

ನಕ್ಕಳು. ಮೇಡಂ ಕೇಳುತ್ತ ಹೋದರು. ತಂದೆ ತೀರಿಕೊಂಡದ್ದು, ಸಾಕಿದ ದೊಡ್ಡಪ್ಪ ದೊಡ್ಡವ್ವ, ಓದಿದ್ದು ನಾಲ್ಕನೇ ಕ್ಲಾಸು, ದೊಡ್ಡಪ್ಪ ಬರೆದುಕೊಟ್ಟ ಹೊಲ. ದೊಡ್ಡವ್ವ ಸತ್ತು ಐದು ವರ್ಷವಾಯಿತಂತೆ. ಒಳ್ಳೆಯವಳಂತೆ. ಹೊಡೆಯುತ್ತಿರಲಿಲ್ಲವಂತೆ. ನಾನು ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡೆ.

"ತಾಯಿ?" ಅಂದರು ಮೇಡಂ. ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುವ ಹಾಗೇ ಕೇಳಿದರು. ಆದರೆ ಕಣ್ಣು ಕಾರ್ಡಿನ ಮೇಲೆ ಇಟ್ಟುಕೊಂಡರು.

"ಇಲ್ಲ."

"ತೀರಿಕೊಂಡರಾ?"

"ಇಲ್ಲ ಅಂತ ಬರ್ಕೊಳಿ."

ಬರೆದೆ. ಎರಡೇ ಅಕ್ಷರ. ಒತ್ತು ಸ್ವಲ್ಪ ಕೆಳಗೆ ಇಳಿದು ಗೆರೆಗೆ ತಾಗಿತು. ಮುಂದಿನ ಪ್ರಶ್ನೆ ಜಮೀನಿನದು.

ಎಲ್ಲ ಮುಗಿದ ಮೇಲೆ ಹುಡುಗಿ ಮೇಡಂಗೆ ಹಿತ್ತಲಲ್ಲಿ ರೇಷ್ಮೆ ಹುಳದ ತಟ್ಟೆ ತೋರಿಸಲು ಕರೆದುಕೊಂಡು ಹೋದಳು. ಜಗಲಿಯಲ್ಲಿ ನಾವಿಬ್ಬರೇ. ಅವಳು ಮಜ್ಜಿಗೆ ತಂದು ಕೊಟ್ಟಳು.

"ನಿಮ್ದು ಯಾವೂರವ್ವ?"

ಇನ್ನೊಂದು ಊರಿನ ಹೆಸರು ಹೇಳಬಹುದಿತ್ತು. ಯೋಚನೆ ಮಾಡಲಿಲ್ಲ. ನಮ್ಮೂರಿನ ಹೆಸರನ್ನೇ ಹೇಳಿಬಿಟ್ಟೆ.

ಅವಳ ಹೆಬ್ಬೆರಳು ಕಾಳಿನ ಮೇಲೆ ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ನನ್ನ ಮುಂಗೈ ಮೇಲಿನ ಹಚ್ಚೆ ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು.

"ನಮ್ ದೊಡ್ಡವ್ವ ಸಾಯೋ ಮುಂದೆ ಆ ಊರ್ ಎಸ್ರು ಯೇಳುದ್ಲು. ಮೂರು ಗಂಡ್ ಮಕ್ಳವ್ರೆ, ಚೆನ್ನಾಗವ್ಳೆ ಅಂದ್ಲು" ಅಂದಳು.

ನಾನು ಮಜ್ಜಿಗೆ ಕುಡಿದೆ. ಉಪ್ಪು ಜಾಸ್ತಿಯಾಗಿತ್ತು.

"ಮುಂದಿನ್ ವಾರ ಇವ್ಳಿಗೆ ವೀಳ್ಯದ ಶಾಸ್ತ್ರ. ಬೀಗ್ರು ತಾಯಿ ಕಡೆ ಏನು ಎತ್ತ ಅಂತ ಕೇಳುದ್ರು. ಸೀರುಡಿಕೆ ಅಂದ್ರೆ ಅಲ್ಲಿ ಮುದುಕಿ ಒಬ್ಳು ಅವ್ಳೆ, ಎದ್ದೋಯ್ತಾಳೆ. ಅಜ್ಜಿ ಇಲ್ಲ ಅಂದಿವ್ನಿ."

"ಈ ಕಾಲ್ದಲ್ಲೂ ಕೇಳ್ತಾರಾ?"

"ಕೇಳ್ತಾರೆ. ಆ ಕಾರ್ಡು ಯಾರ್ ನೋಡ್ತಾರೆ?"

"ಮೈಸೂರ್ನೋರು. ಎಸ್ರಿರಾಕಿಲ್ಲ. ನಂಬ್ರು."

"ನಂಬ್ರಾದ್ರೂ ಅಷ್ಟೇಯ. ಅಂಗೇ ಇರ್ಲಿ." ಸ್ವಲ್ಪ ಹೊತ್ತು ಕಾಳು ಹಿತುಕಿದಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಬದುಕಿರೋರ್ನ ಸತ್ತೋದ್ರು ಅನ್ನಾಕೆ ಬಾಯಿ ಬರ್ನಿಲ್ಲ. ಅದುಕ್ಕೇ ಇಲ್ಲ ಅಂದೆ. ತಪ್ಪು ತಿಳ್ಕೋಬೇಡಿ."

"ತಪ್ಪೇನು. ಸರ್ಯಾಗೇ ಬರ್ಸಿದ್ದೀರ" ಅಂದೆ.

ನಮ್ಮ ಕಡೆ ಅವ್ವನಿಗೆ ಯಾರೂ ನೀವು ಅನ್ನುವುದಿಲ್ಲ, ಮಗಳಿಗಂತೂ ಅನ್ನುವುದೇ ಇಲ್ಲ. ನಾವಿಬ್ಬರೂ ಕೊನೆಯವರೆಗೆ ಅಂದೆವು.

ಹೊರಡುವಾಗ ಹಿತುಕಿದ ಬೇಳೆಯನ್ನು ಒಂದು ಕವರಿಗೆ ಹಾಕಿ ಕೈಗೆ ಕೊಟ್ಟಳು. "ನೀವೂ ಇತುಕಿದ್ದೀರಲ್ಲ, ನಿಮ್ ಪಾಲು" ಅಂದಳು. ಬಸ್ಸಿನಲ್ಲಿ ಅದು ತೊಡೆಯ ಮೇಲೆ ತಣ್ಣಗೆ ಕೂತಿತ್ತು. ನಾಗಮಂಗಲ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಒಂದು ಟೀ ಕೊಡಿಸಿದರು. ಮನೆಗೆ ಬಂದು ಬೇಳೆ ಸಾರು ಮಾಡಿದೆ. ಮುದ್ದೆಗೆ ಚೆನ್ನಾಗಿ ಹೊಂದಿತು. ಗಂಡುಮಕ್ಕಳು ಮೂವರೂ ಇನ್ನೊಂದು ಸಲ ಬಡಿಸಿಕೊಂಡರು. "ಎಲ್ಲೀದವ್ವಾ ಬ್ಯಾಳೆ?" ಅಂದ ದೊಡ್ಡವನು. ನಾಗಮಂಗಲದ್ದು ಅಂದೆ. ಆ ಕಡೆ ಅವರೆಗೆ ಸೊಗಡು ಜಾಸ್ತಿ ಅಂತ ಅವನಿಗೂ ಗೊತ್ತು, ಮತ್ತೆ ಕೇಳಲಿಲ್ಲ.

ಅದಾದ ಮೇಲಿನ ಭಾನುವಾರ ಶ್ರೀರಂಗಪಟ್ಟಣದ ಕೋಣೆಯಲ್ಲಿ ಕಾರ್ಡುಗಳಿಗೆ ದಾರ ಕಟ್ಟುವ ಕೆಲಸ. ಡಾಕ್ಟರಮ್ಮ ಒಂದು ಕಡೆ ತೂತು ಮಾಡುತ್ತಿದ್ದರು, ನಾನು ಗಂಟು ಹಾಕುತ್ತಿದ್ದೆ. ನನ್ನ ಕಾರ್ಡೂ ಅವಳ ಕಾರ್ಡೂ ಮೇಡಂ ಕೈಗೆ ಒಟ್ಟಿಗೇ ಬಂದವು.

"ಬೇಕಾದರೆ ಕಟ್ಟೋಣ ಅಮ್ಮ. ಹೆಸರಿಲ್ಲ, ಯಾರಿಗೂ ತಿಳಿಯಲ್ಲ. ಕಟ್ಟಿದರೆ ನಮಗೆ ಒಂದು ಜೋಡಿ ಹೆಚ್ಚು ಸಿಗುತ್ತೆ. ನೀವು ಹೇಳಿ."

"ಅವ್ಳು ಇಲ್ಲ ಅಂತ ಬರ್ಸವ್ಳೆ. ಇಲ್ಲದೋಳ್ಗೆ ಎಂಗೆ ದಾರ ಕಟ್ತೀರ?"

"ನಿಮ್ಮ ಕಾರ್ಡಿನಲ್ಲಿ ಏನು ಬರೆಯಲಿ? ಮೊದಲ ಮನೆಯ ಮಗು ಎಲ್ಲಿದೆ ಅಂತ ಹೊಸದಾಗಿ ಸೇರಿಸಿದ ಗೆರೆ ಖಾಲಿ ಇದೆ."

"ಗೊತ್ತಿಲ್ಲ ಅಂತ ಬರೀರಿ."

ಮೇಡಂ ಪೆನ್ನು ನನ್ನ ಕಡೆ ಚಾಚಿದರು. ನಾನೇ ಬರೆದೆ. ಗೊತ್ತಿಲ್ಲ ಅನ್ನುವುದರಲ್ಲಿ ಎರಡು ಒತ್ತು. ಅವತ್ತು ಎರಡೂ ಸರಿಯಾಗಿ ಬಂದವು. ನನ್ನ ಕಾರ್ಡು ಗೊತ್ತಿಲ್ಲದವರ ಕಟ್ಟಿಗೆ ಹೋಯಿತು, ಅವಳದು ತಾಯಿ ಇಲ್ಲದವರ ಕಟ್ಟಿಗೆ. ಅವರು ಇಷ್ಟು ಜಾಣರಾಗಿ ಕಂಡುಹಿಡಿದ ಲೆಕ್ಕದಲ್ಲಿ ಒಂದು ತಪ್ಪು ನಾನೇ ಹಾಕಿದ್ದು. ಮೇಡಂಗೂ ಅದು ಗೊತ್ತು. ಅವರು ಅಳಿಸಲಿಲ್ಲ.

ಎರಡು ವರ್ಷಕ್ಕೆ ಪುಸ್ತಕ ಬಂತು. ಮೇಡಂ ತಂದು ಕೊಟ್ಟರು. ಇಂಗ್ಲಿಷಿನದು, ನನಗೆ ಓದಲು ಬರುವುದಿಲ್ಲ. ಒಂದು ಪುಟದಲ್ಲಿ ಗೆರೆ ಹಾಕಿದ ಚೌಕಗಳಿದ್ದವು, ಇದರಲ್ಲಿ ನೀವಿದ್ದೀರಿ, ಇದರಲ್ಲಿ ಅವರು ಅಂತ ಬೆರಳಿಟ್ಟು ತೋರಿಸಿದರು. ಎರಡು ಚೌಕಗಳ ನಡುವೆ ನಾಲ್ಕು ಬೆರಳು ಅಂತರ.

"ಆ ಕಡೆ ಹೋಗಿದ್ದೆ. ಹುಡುಗಿ ಮದುವೆ ಆಗಿದೆ. ಚೆನ್ನಾಗಿ ಮಾಡಿದರಂತೆ" ಅಂದರು.

ಸರಿ ಅಂದೆ. ನನ್ನನ್ನು ಕರೆದಿರಲಿಲ್ಲ. ಕರೆಯುವ ಹಾಗೂ ಇರಲಿಲ್ಲ. ಕರೆದಿದ್ದರೂ ಸೇಸೆ ಇಕ್ಕುವುದಕ್ಕೆ ನನ್ನನ್ನು ಬಿಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಉಂಡು, ಹೊತ್ತಿಳಿಯುವುದರೊಳಗೆ ಬಸ್ಸು ಹಿಡಿದು ಬರಬೇಕಾಗುತ್ತಿತ್ತು.